ಬೀದಿಯ ಸಹಜ ಚಿತ್ರಗಳಿಗೆ ಒಂದೇ ಲೆನ್ಸ್ ಸಾಕೆಂದರೆ ಯಾವುದು?

ಪ್ರಶ್ನೆ: ನನ್ನ ಬಳಿ ಎಪಿಎಸ್-ಸಿ ಸೆನ್ಸರಿನ ಕ್ಯಾಮೆರಾ ಮತ್ತು ಅದರ ಜೊತೆಗೇ ಬಂದ 18-55 ಮಿ.ಮೀ. ಜೂಮ್ ಲೆನ್ಸ್ ಇದೆ. ನಗರದ ಬೀದಿಗಳಲ್ಲಿ ಜನರನ್ನು ಅವರ ಪಾಡಿಗೆ ಅವರಿರುವಂತೆಯೇ ಚಿತ್ರಿಸಬೇಕೆಂಬ ಆಸೆ. ಹತ್ತಿರ ಹೋಗಲು ಸಂಕೋಚವಾಗುತ್ತದೆ, ದೂರದಿಂದ ತೆಗೆದ ಚಿತ್ರಗಳಲ್ಲಿ ಜೀವವಿರುವುದಿಲ್ಲ. ಒಂದೇ ಒಂದು ಪ್ರೈಮ್ ಲೆನ್ಸ್ (ಜೂಮ್ ಆಗದ ಲೆನ್ಸ್) ಕೊಳ್ಳುವುದಾದರೆ ಯಾವುದನ್ನು ಕೊಳ್ಳಬೇಕು? ಅನುಭವವುಳ್ಳವರು ದಯವಿಟ್ಟು ತಿಳಿಸಿ.

ಮೊದಲನೆಯ ಉತ್ತರ:

ಮೊದಲು ಅಂಕಿಗಳ ಗೊಂದಲವನ್ನು ಕಳೆದುಕೊಳ್ಳೋಣ. ಬೀದಿ ಛಾಯಾಗ್ರಹಣದ ಮಾತಿನಲ್ಲಿ ಬರುವ 28, 35, 50 ಎಂಬ ಅಂಕಿಗಳು ಮಿ.ಮೀ.ನಲ್ಲಿ ಹೇಳುವ ಫೋಕಲ್ ಲೆಂತ್‌ಗಳು, ಅಂಕಿ ಚಿಕ್ಕದಾದಷ್ಟೂ ನೋಟ ಅಗಲ. ಅವು 36×24 ಮಿ.ಮೀ. ಅಳತೆಯ ಫುಲ್ ಫ್ರೇಮ್ ಸೆನ್ಸರಿಗೆ ಸೇರಿದವು. ನಿಮ್ಮ ಸೆನ್ಸರ್ ಚಿಕ್ಕದು. ಆದ್ದರಿಂದ ಆ ಅಂಕಿಗಳನ್ನು ಸುಮಾರು 1.5ರಿಂದ ಭಾಗಿಸಿದರೆ ನಿಮ್ಮ ಕ್ಯಾಮೆರಾದಲ್ಲಿ ಅವು ಹೆಚ್ಚುಕಡಿಮೆ 18, 23 ಮತ್ತು 35 ಮಿ.ಮೀ. ಲೆನ್ಸ್‌ಗಳಾಗುತ್ತವೆ.

ಲೆನ್ಸ್ ಆರಿಸುವ ಮುನ್ನ, ಅಪರಿಚಿತರಿಂದ ಎಷ್ಟು ದೂರದಲ್ಲಿ ನೀವು ನೆಮ್ಮದಿಯಾಗಿ ನಿಲ್ಲಬಲ್ಲಿರಿ ಎಂಬುದನ್ನು ಅಳೆದುಕೊಳ್ಳಿ. ಕ್ಯಾಮೆರಾವನ್ನು ಅಡ್ಡ ಹಿಡಿದು, ಸಾಧಾರಣ ಎತ್ತರದ ಒಬ್ಬರನ್ನು ತಲೆಯಿಂದ ಪಾದದವರೆಗೆ ಚೌಕಟ್ಟಿನಲ್ಲಿ ತುಂಬಿಸಲು 18 ಮಿ.ಮೀ.ನಲ್ಲಿ ಸುಮಾರು 2 ಮೀಟರ್, 23ರಲ್ಲಿ ಎರಡೂವರೆ, 35ರಲ್ಲಿ ಮೂರೂಮುಕ್ಕಾಲು, 56ರಲ್ಲಿ (ಫುಲ್ ಫ್ರೇಮ್‌ನ 85) 6 ಮೀಟರ್ ದೂರ ಬೇಕು. ಎರಡು ಮೀಟರಿನಲ್ಲಿ ನಿಂತವನನ್ನು ಎದುರಿನವರು ಗಮನಿಸಿಯೇ ಗಮನಿಸುತ್ತಾರೆ. ಎರಡೂವರೆ ಮೀಟರಿನಲ್ಲಿ ನೀವು ಅದೇ ಗುಂಪಿನ ಇನ್ನೊಬ್ಬ ದಾರಿಹೋಕರಷ್ಟೆ. ಮುಖದ ಆಕಾರ, ಹಿನ್ನೆಲೆ ಎಷ್ಟು ದೂರ ಸರಿದಂತೆ ಕಾಣುತ್ತದೆ ಎಂಬುದೆಲ್ಲ ನೀವು ನಿಂತ ಜಾಗದಿಂದಲೇ ನಿರ್ಧಾರವಾಗುತ್ತದೆ. ಅದರಲ್ಲಿ ಎಷ್ಟು ಭಾಗವನ್ನು ಉಳಿಸಿಕೊಳ್ಳಬೇಕೆಂಬುದನ್ನು ಮಾತ್ರ ಲೆನ್ಸ್ ಹೇಳುತ್ತದೆ. ದೂರದಿಂದ ತೆಗೆದ ನಿಮ್ಮ ಚಿತ್ರಗಳು ನಿರ್ಜೀವವಾಗಿ ಕಾಣುವುದಕ್ಕೂ ಇದೇ ಕಾರಣವಿರಬೇಕು.

ನನಗೂ ನಿಮ್ಮಂತೆಯೇ ಸಂಕೋಚವಿದ್ದುದರಿಂದ ನಾನು ಮೊದಲು ಕೊಂಡದ್ದು ಫುಲ್ ಫ್ರೇಮ್‌ನ 85 ಮಿ.ಮೀ. ಲೆನ್ಸನ್ನು. ರಸ್ತೆಯ ಈಚೆ ಬದಿಯಲ್ಲಿ ನಿಂತು ಆಚೆ ಬದಿಯವರನ್ನು ತೆಗೆಯಬಹುದೆಂಬ ಲೆಕ್ಕ. ಮಳೆ ನಿಂತ ಒಂದು ಸಂಜೆ ಅಂಗಡಿಯ ಮೆಟ್ಟಿಲ ಮೇಲೆ ಒಬ್ಬ ಹೆಂಗಸು ಕೊಡೆ ಮಡಚಲು ಒದ್ದಾಡುತ್ತಿದ್ದರು. ನಾನು ಒತ್ತಿದ ಆರು ಚಿತ್ರಗಳಲ್ಲಿ ನಾಲ್ಕರಲ್ಲಿ ಬಸ್ಸಿನ ಪಕ್ಕೆ, ಒಂದರಲ್ಲಿ ಯಾರದೋ ಹೆಗಲು, ಉಳಿದೊಂದರಲ್ಲಿ ಆಗಲೇ ಮಡಚಿಯಾಗಿದ್ದ ಕೊಡೆ. ದೂರ ಹೆಚ್ಚಿದಷ್ಟೂ ನಡುವೆ ಹಾದುಹೋಗುವವರು ಹೆಚ್ಚುತ್ತಾರೆ. ಫುಲ್ ಫ್ರೇಮ್‌ನ 35 ಮಿ.ಮೀ.ಗೆ (ನಿಮ್ಮ 23ಕ್ಕೆ ಸಮ) ಬಂದ ಮೇಲೆ, ಅಂಥದ್ದೇ ಮತ್ತೊಂದು ಮಳೆಯ ದಿನ, ಕೊಡೆ ಕೊಡವಿದವರ ಹಿಂದೆ ನಿಂತಿದ್ದ ಹುಡುಗ ಹನಿ ತಾಗದಂತೆ ಒಂದು ಕಾಲನ್ನು ಮೇಲೆತ್ತಿದ್ದು ಕೂಡ ಚಿತ್ರದಲ್ಲಿ ಸಿಕ್ಕಿತು. ಒತ್ತುವಾಗ ಆ ಹುಡುಗನನ್ನು ನಾನು ನೋಡಿರಲೇ ಇಲ್ಲ.

ಫೋಕಸ್ ವಿಷಯದಲ್ಲಿಯೂ ಅಗಲ ಲೆನ್ಸಿಗೆ ಅನುಕೂಲ ಹೆಚ್ಚು. ನಿಮ್ಮ ಸೆನ್ಸರಿನಲ್ಲಿ 23 ಮಿ.ಮೀ. ಲೆನ್ಸಿನ ಅಪರ್ಚರನ್ನು (ಬೆಳಕು ಬರುವ ಕಿಂಡಿ, ಎಫ್ ಅಂಕಿ ಹೆಚ್ಚಿದಷ್ಟೂ ಚಿಕ್ಕದು) ಎಫ್/8ಕ್ಕೆ ಇಟ್ಟು 2 ಮೀಟರಿಗೆ ಮ್ಯಾನ್ಯುಯಲ್ ಫೋಕಸ್ ಮಾಡಿದರೆ, ಸುಮಾರು ಒಂದೂಕಾಲು ಮೀಟರಿನಿಂದ 5 ಮೀಟರಿನವರೆಗೆ ಎಲ್ಲವೂ ಸ್ಪಷ್ಟವಾಗಿರುತ್ತದೆ. ಅದೇ ಅಪರ್ಚರ್, ಅದೇ ದೂರಕ್ಕೆ 35 ಮಿ.ಮೀ.ನಲ್ಲಿ ಸಿಗುವುದು 1.6ರಿಂದ 2.7 ಮೀಟರ್ ಮಾತ್ರ. ಶಟರ್ ವೇಗವನ್ನು 1/500 ಸೆಕೆಂಡಿಗೆ ಕಟ್ಟಿಹಾಕಿ, ಐಎಸ್‌ಒವನ್ನು (ಬೆಳಕಿಗೆ ಸೆನ್ಸರಿನ ಸಂವೇದನೆ) ಆಟೋಗೆ ಬಿಟ್ಟರೆ, ಹಗಲಿನಲ್ಲಿ ಕ್ಯಾಮೆರಾದ ಗೊಡವೆಯಿಲ್ಲದೆ ಕಣ್ಣಿನ ಕೆಲಸದಲ್ಲಿ ತೊಡಗಬಹುದು. ನೆರಳಿನಲ್ಲಿ ಐಎಸ್‌ಒ ಸಾವಿರದ ಆಸುಪಾಸಿಗೆ ಏರುತ್ತದೆ, ಅದಕ್ಕೆ ಅಂಜಬೇಕಾಗಿಲ್ಲ.

ಹಾಗಾಗಿ ನನ್ನ ಒಲವು 23 ಮಿ.ಮೀ. ಕಡೆಗೆ. ಆದರೆ ಕೊಳ್ಳುವ ಮೊದಲು ನಿಮ್ಮ ಜೂಮ್ ರಿಂಗನ್ನು 24ರ ಗುರುತಿನ ಹತ್ತಿರ ನಿಲ್ಲಿಸಿ, ಕದಲದಂತೆ ಟೇಪ್ ಸುತ್ತಿ ಒಂದು ವಾರ ತಿರುಗಾಡಿ. ಹಳೆಯ ಚಿತ್ರಗಳ ಮಾಹಿತಿಯಲ್ಲಿ ಯಾವ ಫೋಕಲ್ ಲೆಂತ್ ಹೆಚ್ಚಾಗಿದೆ ಎಂದು ನೋಡುವ ಉಪಾಯವನ್ನು ಹಲವರು ಹೇಳುತ್ತಾರೆ. ನನಗೆ ಅದರಲ್ಲಿ ನಂಬಿಕೆಯಿಲ್ಲ, ಏಕೆಂದರೆ ಜೂಮ್ ಇದ್ದಾಗ ನಮ್ಮ ಕೈ ಸಾಮಾನ್ಯವಾಗಿ ಎರಡು ತುದಿಗಳಿಗೇ ಹೋಗಿ ನಿಲ್ಲುತ್ತದೆ.

ಎರಡನೆಯ ಉತ್ತರ:

ಮೇಲಿನವರ ಮಾತನ್ನು ಬಹುಮಟ್ಟಿಗೆ ಒಪ್ಪುತ್ತೇನಾದರೂ, ಹತ್ತಿರ ಹೋಗುವುದೊಂದೇ ದಾರಿ ಎಂಬ ಧ್ವನಿಗೆ ನನ್ನ ತಕರಾರಿದೆ. ಅಮೆರಿಕದ ಛಾಯಾಗ್ರಾಹಕ ಗ್ಯಾರಿ ವಿನೋಗ್ರಾಂಡ್ 28 ಮಿ.ಮೀ. ಹಿಡಿದು ಜನರ ನಡುವೆ ನುಗ್ಗಿದವರು, ನಿಜ. ಆದರೆ ಫ್ರಾನ್ಸಿನ ಛಾಯಾಗ್ರಾಹಕ ಆನ್ರಿ ಕಾರ್ತಿಯೇ-ಬ್ರೆಸೋನ್ ಅವರ ಹೆಚ್ಚಿನ ಕೆಲಸವೆಲ್ಲ 50ರಲ್ಲಿ ಆದದ್ದು. ಇನ್ನೊಬ್ಬ ಛಾಯಾಗ್ರಾಹಕ ಸಾಲ್ ಲೈಟರ್ ಅವರಂತೂ ನ್ಯೂಯಾರ್ಕಿನ ಬೀದಿಗಳನ್ನು ದೂರದ್ದನ್ನು ಹತ್ತಿರ ತೋರಿಸುವ ಟೆಲಿ ಲೆನ್ಸ್‌ಗಳಲ್ಲೂ ಚಿತ್ರಿಸಿ, ಹಬೆ ಹಿಡಿದ ಗಾಜು, ಅಡ್ಡ ಬಂದ ಕಂಬ ಇವುಗಳನ್ನೇ ಚಿತ್ರದ ಭಾಗವಾಗಿಸಿಕೊಂಡರು. ಅಡ್ಡ ಬಂದ ಹೆಗಲು ಎಲ್ಲ ಸಲವೂ ಶನಿಯಲ್ಲ.

ನಾನು ಹತ್ತು ವರ್ಷದಿಂದ 50 ಮಿ.ಮೀ.ಗೆ ಸಮನಾದ ಲೆನ್ಸನ್ನೇ ಬಳಸುತ್ತಿದ್ದೇನೆ. ಅಗಲ ಲೆನ್ಸಿನಲ್ಲಿ ಅಂಚಿಗೆ ಬಂದ ಮುಖಗಳು ಎಳೆದಂತೆ ಕಾಣುವುದು ನನಗೆ ಸಹಿಸದು. ಜೊತೆಗೆ ನಗರದಲ್ಲಿ ಫಲಕ, ತಂತಿ, ನಿಲ್ಲಿಸಿದ ವಾಹನ ಎಲ್ಲವೂ ಕರೆಯದೆ ಒಳಬರುತ್ತವೆ. 50ರಲ್ಲಿ ಹಿನ್ನೆಲೆಯನ್ನು ಮೊದಲು ಆರಿಸಿ, ಅಲ್ಲಿಗೆ ಯಾರಾದರೂ ಬರುವವರೆಗೆ ಕಾಯುವುದು ನನ್ನ ಕ್ರಮ. ಕಾಯುವ ಸ್ವಭಾವ ನಿಮ್ಮದಾಗಿದ್ದರೆ ನಿಮ್ಮ ಕ್ಯಾಮೆರಾದಲ್ಲಿ ಅದಕ್ಕೆ ಸಮನಾದ 35 ಮಿ.ಮೀ. ಲೆನ್ಸನ್ನು ಕೊಳ್ಳಿ, ನಡೆಯುತ್ತಲೇ ತೆಗೆಯುವವರಾದರೆ ಬೇಡ.

ಮೂರನೆಯ ಉತ್ತರ:

ಇಬ್ಬರೂ ಹಗಲಿನ ಮಾತನ್ನಷ್ಟೇ ಆಡಿದ್ದಾರೆ. ರಾತ್ರಿ ನಡೆದಾಡುವವರನ್ನು ನಿಲ್ಲಿಸಲು ಕನಿಷ್ಠ 1/250 ಸೆಕೆಂಡ್ ಬೇಕಾಗುತ್ತದೆ. ಎಫ್/4ರ ಜೂಮ್ ಐಎಸ್‌ಒ 12800 ಕೇಳುವಲ್ಲಿ ಎಫ್/2ರ ಪ್ರೈಮ್‌ಗೆ 3200 ಸಾಕು. ಎಫ್/1.4 ಬೇಕೇ ಬೇಕೆಂದೇನೂ ಇಲ್ಲ. ಅಂಥ ಲೆನ್ಸ್ ದಪ್ಪವಾಗಿ, ಎದುರಿನವರ ಕಣ್ಣಿಗೆ ಮೊದಲು ಬೀಳುವ ವಸ್ತುವಾಗಿಬಿಡುತ್ತದೆ. ಸದ್ದಾಗದಿರಲೆಂದು ಎಲೆಕ್ಟ್ರಾನಿಕ್ ಶಟರ್ ಬಳಸುವವರು ಎಲ್‌ಇಡಿ ದೀಪಗಳ ಕೆಳಗೆ ಒಮ್ಮೆ ಪರೀಕ್ಷಿಸಿಕೊಳ್ಳಲಿ, ನನ್ನ ಒಂದು ಇಡೀ ರಾತ್ರಿಯ ಚಿತ್ರಗಳಲ್ಲಿ ಅಡ್ಡಪಟ್ಟಿಗಳು ಬಿದ್ದಿದ್ದವು. ಇನ್ನು, ಇತ್ತೀಚಿನ ಬಹಳಷ್ಟು ಲೆನ್ಸ್‌ಗಳ ಮೇಲೆ ದೂರದ ಗುರುತುಗಳೇ ಇರುವುದಿಲ್ಲ. ಮೊದಲನೆಯವರು ಹೇಳಿದಂತೆ 2 ಮೀಟರಿಗೆ ಇಡಬೇಕೆಂದಿದ್ದರೆ ಗುರುತುಳ್ಳ ಲೆನ್ಸನ್ನೇ ಹುಡುಕಿ.

ಪ್ರಶ್ನೆ ಕೇಳಿದವರು, ಒಂದು ವಾರದ ನಂತರ:

ಟೇಪ್ ಸುತ್ತಿಕೊಂಡು ನಾಲ್ಕು ದಿನ ತಿರುಗಾಡಿದೆ. ಹೆಚ್ಚಿನ ಚಿತ್ರಗಳಲ್ಲಿ ಜನರು ನಡುವೆ ಸಣ್ಣದಾಗಿದ್ದು, ಕೆಳಭಾಗದಲ್ಲೆಲ್ಲ ಬರಿಯ ನೆಲ ತುಂಬಿಕೊಂಡಿದೆ. ಹಾಗಾದರೆ ನನಗೆ 35 ಮಿ.ಮೀ. ಲೆನ್ಸೇ ಸರಿಯೇ?

ಮೊದಲನೆಯ ಉತ್ತರ ಬರೆದವರು:

ನಾಲ್ಕನೆಯ ದಿನದ ಚಿತ್ರಗಳನ್ನು ಮೊದಲ ದಿನದವುಗಳ ಪಕ್ಕದಲ್ಲಿಟ್ಟು ನೋಡಿ. ನೆಲ ಕಡಿಮೆಯಾಗುತ್ತ ಬಂದಿದ್ದರೆ ನಿಮ್ಮ ಕಾಲು ತಾನಾಗಿ ಮುಂದೆ ಹೋಗುತ್ತಿದೆ ಎಂದರ್ಥ, 23 ಮಿ.ಮೀ. ಲೆನ್ಸನ್ನೇ ಕೊಳ್ಳಬಹುದು. ನಾಲ್ಕೂ ದಿನ ಅಷ್ಟೇ ನೆಲವಿದ್ದರೆ ಟೇಪನ್ನು 35ರ ಗುರುತಿಗೆ ಬದಲಿಸಿ ಇನ್ನೊಂದು ವಾರ ನೋಡಿ.