ನಾಲೆಯ ನೀರಿನಲ್ಲಿ ಸೀಸ ‘ಪತ್ತೆಯಾಗಿಲ್ಲ’ ಎಂಬ ವರದಿಯನ್ನು ನಂಬಿ ಸೊಪ್ಪು ಬೆಳೆಯಬಹುದೇ?

ಕೈತೋಟ_ಮೈಸೂರು:
ಮೈಸೂರಿನ ಹೊರವಲಯದ ನಮ್ಮ ಬಡಾವಣೆಯ ಹಿಂದೆ ಒಂದು ನಾಲೆಯಿದೆ. ಅದರ ಮೇಲ್ಭಾಗದಲ್ಲಿ ಹಳೆಯ ಬ್ಯಾಟರಿ ಬಿಚ್ಚುವ ಗುಜರಿ ಅಂಗಡಿಗಳೂ, ನಲ್ಲಿ ಮತ್ತು ಬೈಕಿನ ಬಿಡಿಭಾಗಗಳಿಗೆ ನಿಕ್ಕಲ್, ಕ್ರೋಮಿಯಂ ಲೇಪಿಸುವ ಸಣ್ಣ ಘಟಕಗಳೂ ಇವೆ. ಈ ನೀರನ್ನೇ ಪಂಪಿನಿಂದ ಎತ್ತಿ ದಂಟು, ಕೀರೆ, ಪಾಲಕ್ ಬೆಳೆಯುತ್ತಿದ್ದೇವೆ. ಒಂದು ಬಾಟಲಿ ನೀರನ್ನು ಪ್ರಯೋಗಾಲಯಕ್ಕೆ ಕೊಟ್ಟಾಗ ಸೀಸ, ಕ್ಯಾಡ್ಮಿಯಂ ಎರಡೂ ‘ಪತ್ತೆಯಾಗಿಲ್ಲ’ ಎಂದು ವರದಿ ಬಂದಿತು. ಈಗ ನಾಲೆಯಿಂದ ಎತ್ತಿ ದಡದಲ್ಲಿ ಸುರಿದಿರುವ ಹೂಳನ್ನೂ ಮಡಿಗಳಿಗೆ ಹಾಕೋಣವೆಂದು ಮನೆಯ ಹಿರಿಯರು ಹೇಳುತ್ತಿದ್ದಾರೆ. ವರದಿಯನ್ನು ನಂಬಬಹುದೇ?

ನೀರು_ಪರೀಕ್ಷಕ:
ಆ ಪ್ರಯೋಗಾಲಯವು ಗುರುತಿಸಬಲ್ಲ ಕನಿಷ್ಠ ಪ್ರಮಾಣ ಎಷ್ಟೆಂದು ಮೊದಲು ಕೇಳಿರಿ. ಕುಡಿಯುವ ನೀರಿನ ಭಾರತೀಯ ಮಾನದಂಡವಾದ ಐಎಸ್ 10500ರ 2012ರ ಆವೃತ್ತಿಯ ಪ್ರಕಾರ ಕುಡಿಯುವ ನೀರಿನಲ್ಲಿ ಸೀಸವು ಲೀಟರಿಗೆ 0.01 ಮಿಲಿಗ್ರಾಂ, ಕ್ಯಾಡ್ಮಿಯಂ 0.003 ಮಿಲಿಗ್ರಾಂ ಮೀರಬಾರದು. 0.05ಕ್ಕಿಂತ ಕಡಿಮೆ ಅಳೆಯಲಾರದ ವಿಧಾನದಲ್ಲಿ ಪರೀಕ್ಷಿಸಿದರೆ, ಮಿತಿಯ ನಾಲ್ಕು ಪಟ್ಟು ಸೀಸವಿದ್ದರೂ ‘ಪತ್ತೆಯಾಗಿಲ್ಲ’ ಎಂದೇ ಬರುತ್ತದೆ. ಮಾದರಿಯನ್ನು ಒಯ್ದ ಬಗೆಯೂ ಮುಖ್ಯ. ನೈಟ್ರಿಕ್ ಆಮ್ಲ ಸೇರಿಸಿ ಪಿಎಚ್ ಅನ್ನು 2ಕ್ಕಿಂತ ಕೆಳಗಿಳಿಸದೆ ಇಟ್ಟರೆ ಲೋಹದ ಒಂದು ಪಾಲು ಬಾಟಲಿಯ ಗೋಡೆಗೇ ಅಂಟಿಕೊಳ್ಳುತ್ತದೆ. ಇವೆರಡೂ ಸರಿಯಿದ್ದರೂ ಒಂದು ಬಾಟಲಿ ಹೇಳುವುದು ಆ ಗಳಿಗೆಯ ನೀರಿನ ಸಂಗತಿಯನ್ನಷ್ಟೇ. ಲೇಪನದ ತೊಟ್ಟಿಯನ್ನು ನಾಲೆಗೆ ಖಾಲಿ ಮಾಡುವವರು ಹಾಡಹಗಲಲ್ಲಿ, ನೀವು ಬಾಟಲಿ ಹಿಡಿದು ನಿಂತಿರುವಾಗ ಮಾಡುವುದಿಲ್ಲವಲ್ಲ.

ಇನ್ನು ಹೂಳಿನ ವಿಷಯ. ಸೀಸದಂಥ ಲೋಹಗಳು ನೀರಿನಲ್ಲಿ ಬಹಳ ಹೊತ್ತು ಕರಗಿ ಉಳಿಯದೆ, ಜೇಡಿಮಣ್ಣಿನ ಕಣಗಳಿಗೂ ಕೊಳೆತ ಕಸಕ್ಕೂ ಅಂಟಿ ತಳ ಸೇರುತ್ತವೆ; ಗಾಳಿಯಾಡದ ಕಪ್ಪು ಕೆಸರಿನಲ್ಲಿ ಗಂಧಕದೊಡನೆ ಕೂಡಿ ಸಲ್ಫೈಡ್ ರೂಪದಲ್ಲಿ ಕೂರುತ್ತವೆ. ಆ ಕೆಸರನ್ನು ಮೇಲೆತ್ತಿ ಒಣಹಾಕಿದಾಗ ಸಲ್ಫೈಡ್ ಗಾಳಿಯ ಆಮ್ಲಜನಕದೊಡನೆ ವರ್ತಿಸಿ ಹುಳಿಯಂಶ ಹೆಚ್ಚುವುದರಿಂದ ಲೋಹ ಮತ್ತೆ ಬಿಡಿಸಿಕೊಳ್ಳಬಹುದು. ಆದ್ದರಿಂದ ನೀವು ಪರೀಕ್ಷೆಗೆ ಕೊಡಬೇಕಾದದ್ದು ಹೂಳನ್ನು.

ಮಂಡ್ಯದ_ಗದ್ದೆ:
ಹಿರಿಯರ ಮಾತಿನ ಹಿಂದಿರುವುದು ಕೆರೆಯ ಗೋಡಿನ, ಅಂದರೆ ಕೆರೆಯ ತಳದ ಹೂಳಿನ, ಅನುಭವ. ನಮ್ಮ ಸೀಮೆಯಲ್ಲೂ ಬೇಸಿಗೆಯಲ್ಲಿ ಗೋಡು ಹೊಡೆಸಿದ ಗದ್ದೆ ಚೆನ್ನಾಗಿ ಬೆಳೆಯುತ್ತಿತ್ತು. ಆದರೆ ಆ ಕೆರೆಗಳಿಗೆ ಕೊಚ್ಚಿಬರುತ್ತಿದ್ದದ್ದು ಹೊಲದ ಮೇಲ್ಮಣ್ಣು. ಗುಜರಿ ಅಂಗಡಿಗಳ ಕೆಳಗಿನ ಹೂಳನ್ನು ಗೋಡೆಂದು ಕರೆಯಲಾಗದು.

ಸೀಸವನ್ನೂ ಕ್ಯಾಡ್ಮಿಯಂ ಅನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ. ಸೀಸವನ್ನು ಬೇರು ಅಷ್ಟಾಗಿ ಮೇಲಕ್ಕೆ ಬಿಡುವುದಿಲ್ಲ. ಅದು ಹೆಚ್ಚಾಗಿ ಎಲೆಗೆ ಮೆತ್ತಿದ ಮಣ್ಣು, ಧೂಳಿನ ಮೂಲಕ ಬಾಯಿಗೆ ಬರುವುದರಿಂದ ಚೆನ್ನಾಗಿ ತೊಳೆದರೆ ಎಷ್ಟೋ ಕಡಿಮೆಯಾಗುತ್ತದೆ. ಕ್ಯಾಡ್ಮಿಯಂ ಎಲೆಯೊಳಗೇ ಸೇರುತ್ತದೆ, ಪಾಲಕ್ ಅದನ್ನು ವಿಶೇಷವಾಗಿ ಹೀರುತ್ತದೆ, ತೊಳೆದರೆ ಹೋಗುವುದಿಲ್ಲ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯು ನೀರಾವರಿಗೆ ಸೂಚಿಸಿರುವ ಮಿತಿ ಸೀಸಕ್ಕೆ ಲೀಟರಿಗೆ 5 ಮಿಲಿಗ್ರಾಂ ಇದ್ದರೆ, ಕ್ಯಾಡ್ಮಿಯಂಗೆ 0.01 ಮಾತ್ರ. ಹುಳಿ ಮಣ್ಣಿನಲ್ಲಿ ಈ ಹೀರಿಕೆ ಹೆಚ್ಚು, ಸುಣ್ಣ ಹಾಕಿದರೆ ತಗ್ಗುತ್ತದೆ. ಫಲಿತಾಂಶ ತಿಳಿಯುವವರೆಗೆ ಸೊಪ್ಪು ನಿಲ್ಲಿಸಿ ಅವರೆಯನ್ನೋ ಸೋರೆಯನ್ನೋ ಹಾಕಿ. ಸಾಮಾನ್ಯವಾಗಿ ಕಾಯಿಗೆ ಸೇರುವುದು ಎಲೆಗಿಂತ ಕಡಿಮೆ.

ಕೈತೋಟ_ಮೈಸೂರು:
ಇಬ್ಬರಿಗೂ ವಂದನೆಗಳು. ಪ್ರಯೋಗಾಲಯಕ್ಕೆ ಫೋನ್ ಮಾಡಿ ಕೇಳಿದೆ. ಅವರು ಸೀಸವನ್ನು ಅಳೆಯಬಲ್ಲ ಕನಿಷ್ಠ ಪ್ರಮಾಣ 0.05 ಅಂತೆ. ಮಡಿಯ ಪಕ್ಕಕ್ಕೆ ತಂದಿಟ್ಟಿದ್ದ ಎರಡು ಚೀಲ ಹೂಳನ್ನು ಬಾಯಿ ಕಟ್ಟಿ ಹಾಗೆಯೇ ಇಟ್ಟಿದ್ದೇನೆ. ಅದರಿಂದಲೇ ಮಾದರಿ ತೆಗೆದು ಸೋಮವಾರ ಬೇರೆ ಕಡೆ ಕೊಡುತ್ತೇನೆ.