ಅಮ್ಮನ ಯೂರಿನ್ ಕಲ್ಚರ್ ರಿಪೋರ್ಟ್ ತುಂಬಾ ಆರ್ ಆರ್ ಅಂತ ಬಂದೈತೆ, ಏನಿದರ ಅರ್ಥ?

ಬಾತಿಗುಡ್ಡ:
ನಮಸ್ಕಾರ, ದಾವಣಗೆರೆಯಿಂದ. ಅಮ್ಮಂಗೆ 61 ವರ್ಷ, ಶುಗರ್ ಐತೆ. ಆರು ತಿಂಗಳಲ್ಲಿ ಮೂರನೇ ಸಲ ಉರಿಮೂತ್ರ, ಈ ಸಲ ಚಳಿಜ್ವರ, ಬೆನ್ನುನೋವು ಬೇರೆ. ಮೊದಲ ಸಲ ನಾನೇ ಮೆಡಿಕಲ್ ಶಾಪಲ್ಲಿ ಕೇಳಿ ಸೆಫಿಕ್ಸಿಮ್ ತಂದ್ಕೊಟ್ಟಿದ್ದೆ, ಎರಡು ದಿನಕ್ಕೆ ಉರಿ ಹೋಯ್ತು ಅಂತ ಅಮ್ಮ ಬಿಟ್ಬಿಟ್ರು, ಉಳಿದಿದ್ದನ್ನ ಡಬ್ಬೀಲಿ ಇಟ್ಕೊಂಡು ಎರಡನೇ ಸಲ ಅದನ್ನೇ ನುಂಗಿದ್ರು. ಈಗ ರಿಪೋರ್ಟಲ್ಲಿ ಇ-ಕೋಲೈ, ಇಎಸ್‌ಬಿಎಲ್ ಪಾಸಿಟಿವ್. ಸೆಫಿಕ್ಸಿಮ್, ಸೆಫ್ಟ್ರಯಾಕ್ಸೋನ್, ಸಿಪ್ರೊಫ್ಲಾಕ್ಸಾಸಿನ್ ಎಲ್ಲಾ ಆರ್. ನೈಟ್ರೋಫ್ಯುರಾಂಟೊಯಿನ್, ಅಮಿಕಾಸಿನ್, ಮೆರೊಪೆನೆಮ್ ಎಸ್. ಅಡ್ಮಿಟ್ ಮಾಡಿ ಮೆರೊಪೆನೆಮ್ ಇಂಜೆಕ್ಷನ್ ಶುರು ಮಾಡ್ಯಾರೆ. ಅಮ್ಮನ ಮೈಗೆ ಮಾತ್ರೆ ಒಗ್ಗಿಹೋಯ್ತಾ? ರೆಸಿಸ್ಟೆನ್ಸ್ ಜೀನ್ ಅಂದ್ರು, ಅಂದ್ರೆ ವಂಶದಲ್ಲಿ ನಂಗೂ ತಂಗಿಗೂ ಬರುತ್ತಾ? ಮಾತ್ರೆಗೆ ಎಸ್ ಇದ್ದಾಗ ಇಂಜೆಕ್ಷನ್ ಯಾಕೆ? ತಲೆ ಕೆಟ್ಟೋಗೈತೆ.

ಕಲ್ಚರ್_ಪ್ಲೇಟ್:
ಬ್ರದರ್, ನಾನು ಇಲ್ಲೇ ಲ್ಯಾಬಲ್ಲಿ ಮೈಕ್ರೋಬಯಾಲಜಿ ನೋಡ್ಕೊಳ್ಳೋಳು, ಇಂಥ ರಿಪೋರ್ಟ್ ದಿನಾ ಕೈಯಿಂದ ದಾಟುತ್ತೆ. ಆರ್ ಅಂದ್ರೆ ರೆಸಿಸ್ಟೆಂಟ್, ಆ ಔಷಧಿಗೆ ಈ ಬ್ಯಾಕ್ಟೀರಿಯಾ ಬಗ್ಗಲ್ಲ; ಎಸ್ ಅಂದ್ರೆ ಸೆನ್ಸಿಟಿವ್, ಬಗ್ಗುತ್ತೆ. ಒಗ್ಗಿರೋದು ಅಮ್ಮನ ಮೈ ಅಲ್ಲ, ಆ ಇ-ಕೋಲೈ ಬ್ಯಾಕ್ಟೀರಿಯಾ. ಜೀನೂ ಅದರದ್ದೇ, ನಿಮ್ಮ ವಂಶಕ್ಕೆ ಸಂಬಂಧ ಇಲ್ಲ.

ಇಎಸ್‌ಬಿಎಲ್ ಅಂದ್ರೆ ಒಂದು ಎನ್ಜೈಮ್. ಸೆಫಿಕ್ಸಿಮ್ ಥರದ ಔಷಧಿ ಒಳಗೆ ಬೀಟಾ-ಲ್ಯಾಕ್ಟಮ್ ಅಂತ ಒಂದು ಉಂಗುರ ಇರುತ್ತೆ, ಅದನ್ನ ಈ ಎನ್ಜೈಮ್ ಕತ್ತರಿಸಿ ಹಾಕುತ್ತೆ, ಔಷಧಿ ತನ್ನ ಕೆಲಸ ಮಾಡೋಕೆ ಮುಂಚೇನೇ ಕೆಟ್ಟೋಗುತ್ತೆ. ಪವರ್ ಜಾಸ್ತಿ ಮಾಡಿ ಅದೇ ಮಾತ್ರೆ ಕೊಟ್ರೆ ಆಗಲ್ವಾ ಅಂತ ಸುಮಾರು ಜನ ಕೇಳ್ತಾರೆ, ಆಗಲ್ಲ. ಈ ಎನ್ಜೈಮಿನ ಜೀನ್‌ಗಳಲ್ಲಿ ಸಿಟಿಎಕ್ಸ್-ಎಂ-15 ಅನ್ನೋದು ನಮ್ಮ ದೇಶದ ಸ್ಯಾಂಪಲ್‌ಗಳಲ್ಲೇ ಮೊದಲು ಸಿಕ್ಕಿದ್ದು, 2001ರಲ್ಲಿ ವರದಿ ಆಯ್ತು, ಈಗ ಪ್ರಪಂಚದ ತುಂಬಾ ಐತೆ. ನಂಗೆ ಭಯ ಆಗೋದು ಇಲ್ಲೇ: ಆ ಜೀನ್ ಪ್ಲಾಸ್ಮಿಡ್ ಅನ್ನೋ ಚಿಕ್ಕ ಡಿಎನ್ಎ ಬಳೆ ಮೇಲೆ ಕೂತಿರುತ್ತೆ, ಒಂದು ಬ್ಯಾಕ್ಟೀರಿಯಾ ಪಕ್ಕದ್ದಕ್ಕೆ ಅದರ ನಕಲು ದಾಟಿಸುತ್ತೆ, ಇ-ಕೋಲೈಯಿಂದ ಕ್ಲೆಬ್ಸಿಯೆಲ್ಲಾ ಅನ್ನೋ ಇನ್ನೊಂದು ಬ್ಯಾಕ್ಟೀರಿಯಾಗೂ ಹೋಗುತ್ತೆ, ಜಾತಿ ಬೇರೆ ಆದ್ರೂ. ಎಷ್ಟೋ ಸಲ ಅದೇ ಬಳೆ ಮೇಲೆ ಬೇರೆ ಔಷಧಿಗಳ ರೆಸಿಸ್ಟೆನ್ಸ್ ಜೀನೂ ಇರುತ್ತೆ, ಅದಕ್ಕೇ ಆರ್‌ಗಳು ಒಟ್ಟೊಟ್ಟಿಗೆ ಬರ್ತವೆ.

ಮೂತ್ರಕ್ಕೆ ಬರೋ ಇ-ಕೋಲೈ ಸಾಮಾನ್ಯವಾಗಿ ನಮ್ಮ ಕರುಳಲ್ಲೇ ಇರೋದು. ಒಂದೊಂದು ಆ್ಯಂಟಿಬಯಾಟಿಕ್ ನುಂಗಿದಾಗಲೂ ಕರುಳಲ್ಲಿ ಮೆತ್ತಗಿರೋವು ಸಾಯ್ತವೆ, ಜೀನ್ ಇರೋವು ಉಳ್ಕೊಂಡು ಜಾಗ ತುಂಬ್ಕೊಳ್ತವೆ. ಡಬ್ಬಿ ಮಾತ್ರೆ ಬೇಡ ಅನ್ನೋದು ಅದಕ್ಕೇ.

ನೈಟ್ರೋಫ್ಯುರಾಂಟೊಯಿನ್ ಮೂತ್ರಚೀಲದ ಮಟ್ಟಕ್ಕೆ ಚೆನ್ನಾಗಿ ಕೆಲಸ ಮಾಡುತ್ತೆ, ಕಿಡ್ನಿ ಒಳಗೆ ಸಾಕಾಗುವಷ್ಟು ಸೇರಲ್ಲ. ಚಳಿಜ್ವರ, ಬೆನ್ನುನೋವು ಅಂದ್ರೆ ಸೋಂಕು ಕಿಡ್ನಿ ತಂಕ ಹೋಗಿರಬಹುದು ಅಂತ ಡಾಕ್ಟ್ರು ಇಂಜೆಕ್ಷನ್ ಹಿಡಿದಿರ್ತಾರೆ.

ಜೋಗಿಮಟ್ಟಿ:
ದುರ್ಗದಿಂದ. ಅಕ್ಕ ಹೇಳಿದ್ದು ಸರಿ. ನಮ್ಮಪ್ಪಂದು ಬೇರೆ ಕಥೆ, ಉರಿ ಇಲ್ಲ ಜ್ವರ ಇಲ್ಲ, ಆದ್ರೂ ಕಲ್ಚರ್ ಪಾಸಿಟಿವ್ ಅಂತ ವರ್ಷದಲ್ಲಿ ನಾಲ್ಕು ಕೋರ್ಸ್ ನುಂಗಿಸಿದ್ವಿ, ಆಮೇಲೆ ಇನ್ನೊಬ್ರು ಡಾಕ್ಟ್ರು ತೊಂದರೆ ಏನೂ ಇಲ್ದೇ ಇದ್ರೆ ರಿಪೋರ್ಟಿಗೆ ಔಷಧಿ ಕೊಡಬಾರದು ಅಂದ್ರು. ಇನ್ನೊಂದು, ನಾವು ಊರಿಂದ ಸ್ಯಾಂಪಲ್ ತಗೊಂಡು ಬಿಸಿಲಲ್ಲಿ ಮೂರು ತಾಸು ಬಸ್ಸಲ್ಲಿ ಬರ್ತಿದ್ವಿ, ಅಷ್ಟೊತ್ತಿಗೆ ಅದರಲ್ಲಿ ಎಷ್ಟು ಬೆಳೆದಿರ್ತಿತ್ತೋ.

ಕಲ್ಚರ್_ಪ್ಲೇಟ್:
ಹೌದು, ಎರಡು ತಾಸೊಳಗೆ ಲ್ಯಾಬಿಗೆ ಬರಬೇಕು, ಆಗಲ್ಲ ಅಂದ್ರೆ ಫ್ರಿಜ್ಜಲ್ಲಿಡಿ. ಮೊದಲು ಸ್ವಲ್ಪ ಬಿಟ್ಟು ಮಧ್ಯದ್ದನ್ನ ಹಿಡೀಬೇಕು.

ಔಷಧಿ_ಅಂಗಡಿ:
ನಾನು ಮೆಡಿಕಲ್ ಶಾಪ್ ಇಟ್ಟಿರೋನು. ಸೆಫಿಕ್ಸಿಮ್ ಶೆಡ್ಯೂಲ್ ಎಚ್1 ಅನ್ನೋ ಸರ್ಕಾರಿ ಔಷಧಿ ಪಟ್ಟೀಲಿ ಐತೆ, 2014ರ ಮಾರ್ಚಿಂದ ಚೀಟಿ ಇಲ್ದೇ ಕೊಡೋ ಹಾಗಿಲ್ಲ, ರಿಜಿಸ್ಟರಲ್ಲಿ ಬರೆದು ಮೂರು ವರ್ಷ ಇಟ್ಕೋಬೇಕು. ಕೊಡಲ್ಲ ಅಂದ್ರೆ ಪಕ್ಕದ ಅಂಗಡಿಗೆ ಹೋಗ್ತಾರೆ, ಆದ್ರೂ ನಾನು ಕೊಡಲ್ಲ.

ಬಾತಿಗುಡ್ಡ:
ಅಕ್ಕ, ತುಂಬಾ ಥ್ಯಾಂಕ್ಸ್. ನಾನೇ ತಂದ್ಕೊಟ್ಟೆ ಅನ್ನೋದು ಮನಸ್ಸಿಗೆ ಚುಚ್ತಾ ಐತೆ. ಇವತ್ತು ಮೂರನೇ ದಿನ, ಜ್ವರ ಬಿಟ್ಟೈತೆ, ಬೆಳಿಗ್ಗೆ ಎರಡು ಇಡ್ಲಿ ತಿಂದ್ರು. ಡಬ್ಬಿ ತೆಗೆದು ನೋಡಿದೆ, ಸಿಪ್ರೊಫ್ಲಾಕ್ಸಾಸಿನ್ ಅರ್ಧ ಸ್ಟ್ರಿಪ್ ಇನ್ನೂ ಐತೆ, ಇದನ್ನ ಎಲ್ಲಿ ಹಾಕ್ಲಿ? ಮೋರಿಗೆ ಚೆಲ್ಲಬಹುದಾ?

ಔಷಧಿ_ಅಂಗಡಿ:
ಮೋರಿಗೆ ಬೇಡ, ಅಲ್ಲಿರೋ ಬ್ಯಾಕ್ಟೀರಿಯಾಗೂ ಅದೇ ಪಾಠ ಆಗುತ್ತೆ. ಆಸ್ಪತ್ರೇಲೇ ಇದೀರಲ್ಲ, ಅಲ್ಲಿ ಫಾರ್ಮಸೀಲಿ ವಾಪಸ್ ತಗೊಳ್ತಾರಾ ಕೇಳಿ.