ಬಾರೋಲೊ ವೈನನ್ನು ಕೊಡಗಿನ ಮನೆಯಲ್ಲಿ ಹತ್ತು ವರ್ಷ ಇಡಬಹುದಾ?

ತೋಟದಮನೆ, ವಿರಾಜಪೇಟೆ ಕಡೆ

ಎಲ್ಲರಿಗೂ ನಮಸ್ಕಾರ. ಇಟಲಿಯಲ್ಲಿ ಕೆಲಸದಲ್ಲಿರುವ ನಮ್ಮ ಬಾವ ಹುತ್ತರಿಗೆ ಬಂದಾಗ ಎರಡು ಬಾಟಲಿ ಬಾರೋಲೊ ತಂದುಕೊಟ್ಟರು. ಒಂದು ಲಾ ಮೋರಾ ಊರಿನದು, 2017ರ ಬೆಳೆಯದ್ದು. ಇನ್ನೊಂದು ಸೆರಲುಂಗಾ ದಾಲ್ಬಾದ್ದು, 2016. ಮೊದಲನೆಯದನ್ನು ಹಬ್ಬದ ದಿನವೇ ಫ್ರಿಜ್‌ನಿಂದ ತೆಗೆದು ಪಂದಿ ಕರಿ ಜೊತೆ ಕುಡಿದೆವು. ಇಷ್ಟು ದೊಡ್ಡ ಹೆಸರಿನ ವೈನು ಕಡುಕೆಂಪಗೆ ಇರುತ್ತದೆ ಅಂದುಕೊಂಡಿದ್ದೆವು. ನೋಡಿದರೆ ಬಣ್ಣ ತೆಳು, ಗ್ಲಾಸಿನ ಆಚೆ ಬದಿಯ ಬೆರಳು ಕಾಣುತ್ತಿತ್ತು, ಅಂಚಿನಲ್ಲಿ ಕಿತ್ತಳೆ ಬಣ್ಣ ಬೇರೆ. ಪರಿಮಳ ಮಾತ್ರ ತುಂಬಾ ಚೆನ್ನಾಗಿತ್ತು. ಬಾಯಿಗೆ ಹಾಕಿದರೆ ಎಳೆ ಅಡಿಕೆ ಜಗಿದ ಹಾಗೆ ಒಗರು. ಅದು ಕೆಟ್ಟಿತ್ತಾ? ಉಳಿದ ಬಾಟಲಿಯನ್ನು ಮಗಳ ಮದುವೆಗೆ ಅಂತ ಇಡಬೇಕೆಂದು ಆಸೆ, ಅವಳಿನ್ನೂ ಎಂಟನೇ ಕ್ಲಾಸು. ನಮ್ಮ ಮಳೆ, ನಮ್ಮ ಥಂಡಿಯಲ್ಲಿ ಅದು ಉಳಿಯುತ್ತದಾ?

ದ್ರಾಕ್ಷಿಪ್ರಿಯ

ಅಣ್ಣ, ಕೆಟ್ಟಿರಲಿಲ್ಲ. ನೀವು ಹೇಳಿದ ಎರಡೂ ಆ ದ್ರಾಕ್ಷಿಯ ಗುಣವೇ. ಬಾರೋಲೊವನ್ನು ನೆಬಿಯೋಲೊ ಅನ್ನುವ ಒಂದೇ ದ್ರಾಕ್ಷಿಯಿಂದ ಮಾಡುತ್ತಾರೆ, ಇಟಲಿಯ ವಾಯವ್ಯದ ಪಿಯೆಮೊಂಟೆ ಪ್ರಾಂತ್ಯದ ಹನ್ನೊಂದು ಊರುಗಳಲ್ಲಿ ಮಾತ್ರ. ಈ ದ್ರಾಕ್ಷಿಯಲ್ಲಿ ಬಣ್ಣ ಕಡಿಮೆ, ಹುಳಿ ಜಾಸ್ತಿ, ಒಗರು ಅದಕ್ಕಿಂತ ಜಾಸ್ತಿ. ಬಣ್ಣ ಬೇಗ ಇಟ್ಟಿಗೆ ಕಡೆಗೆ ತಿರುಗುತ್ತದೆ, ಕಿತ್ತಳೆ ಅಂಚು ನೋಡಿ ಹೆದರಬೇಡಿ.

ಒಗರಿಗೆ ಕಾರಣ ಟ್ಯಾನಿನ್. ಸಿಪ್ಪೆ, ಬೀಜದಿಂದ ಬರುತ್ತದೆ. ಅದು ಜೊಲ್ಲಿನಲ್ಲಿರುವ ಪ್ರೋಟೀನಿಗೆ ಅಂಟಿಕೊಳ್ಳುವುದರಿಂದ ಬಾಯಿ ಒಣಗಿದ ಹಾಗಾಗುತ್ತದೆ. ವರ್ಷ ಕಳೆದ ಹಾಗೆ ಈ ಟ್ಯಾನಿನ್, ಬಣ್ಣದ ಅಂಶ ಎಲ್ಲ ಒಂದಕ್ಕೊಂದು ಸೇರಿ ಭಾರವಾಗಿ ಬಾಟಲಿ ತಳಕ್ಕೆ ಗಸಿಯಾಗಿ ಇಳಿಯುತ್ತದೆ, ಆಗ ವೈನು ಬಾಯಿಗೆ ಮೆತ್ತಗಾಗುತ್ತದೆ. ಹುಳಿ ಮಾತ್ರ ಉಳಿಯುತ್ತದೆ, ಅದೇ ಅದನ್ನು ಅಷ್ಟು ವರ್ಷ ಕಾಯುವುದು. ಪರಿಮಳವೂ ಬದಲಾಗುತ್ತದೆ. ಎಳೆಯದರಲ್ಲಿ ಗುಲಾಬಿ, ಹುಳಿ ಚೆರ್ರಿ. ಹಳೆಯದಾದ ಮೇಲೆ ಒಣಗಿದ ಗುಲಾಬಿ, ಡಾಂಬರು, ತರಗೆಲೆ, ಅಣಬೆ, ಚರ್ಮದ ವಾಸನೆ. ಡಾಂಬರು ಅಂದರೆ ವಿಚಿತ್ರ ಅನ್ನಿಸಬಹುದು, ಆದರೆ ಒಳ್ಳೆಯ ಬಾರೋಲೊದಲ್ಲಿ ಅದನ್ನು ಹುಡುಕಿಕೊಂಡು ಹೋಗುವವರಿದ್ದಾರೆ, ನಾನೂ ಅವರಲ್ಲಿ ಒಬ್ಬ.

ಬಾವ ಆರಿಸಿದ್ದು ಚೆನ್ನಾಗಿದೆ. 2017 ಬಿಸಿಲಿನ, ಬರದ ವರ್ಷ. ಲಾ ಮೋರಾ ವೈನು ಸಾಮಾನ್ಯವಾಗಿ ಮೃದು, ಬೇಗ ಕುಡಿಯಲು ಬರುತ್ತದೆ. 2016 ಆ ಕಡೆ ತುಂಬಾ ಒಳ್ಳೆಯ ವರ್ಷ, ಸೆರಲುಂಗಾ ವೈನು ಬಿಗಿ, ನಿಧಾನ. ಕಾನೂನಿನ ಪ್ರಕಾರವೇ 38 ತಿಂಗಳು ಇಟ್ಟು, ಅದರಲ್ಲಿ 18 ತಿಂಗಳು ಮರದ ಪೀಪಾಯಿಯಲ್ಲಿ, ಆಮೇಲೆ ಮಾರಬೇಕು. ಅಂದರೆ ನಿಮ್ಮ 2016ರದ್ದು 2020ಕ್ಕೆ ಮೊದಲು ಅಂಗಡಿಗೇ ಬಂದಿಲ್ಲ. ಚೆನ್ನಾಗಿ ಇಟ್ಟರೆ ಇನ್ನೂ ಹತ್ತು ಹನ್ನೆರಡು ವರ್ಷ ಅದಕ್ಕೆ ದೊಡ್ಡ ವಿಷಯವಲ್ಲ.

ಮಡಿಕೇರಿ_ಮಂಜು

ಚೆನ್ನಾಗಿ ಇಟ್ಟರೆ ಅನ್ನುವುದೇ ಮುಖ್ಯ ಅಲ್ವಾ. ವರ್ಷವಿಡೀ 12ರಿಂದ 14 ಡಿಗ್ರಿ ಒಂದೇ ಸಮ ಇರಬೇಕು. ನಮ್ಮಲ್ಲಿ ಮಳೆಗಾಲ ತಂಪು, ಸರಿ. ಮಾರ್ಚ್, ಏಪ್ರಿಲ್‌ನಲ್ಲಿ ವಿರಾಜಪೇಟೆಯಲ್ಲಿ ಮಧ್ಯಾಹ್ನ 30 ಡಿಗ್ರಿ ದಾಟುತ್ತದೆ. ಈ ಏರಿಳಿತವೇ ಹಾಳು ಮಾಡುವುದು. ವೈನು ಹಿಗ್ಗಿ ಕುಗ್ಗಿ ಕಾರ್ಕ್ ಬದಿಯಿಂದ ಗಾಳಿ ಒಳಗೆ ಹೋಗುತ್ತದೆ. ಅಟ್ಟದ ಮೇಲಂತೂ ಬೇಡವೇ ಬೇಡ, ಹೆಂಚಿನ ಕೆಳಗೆ ಬೇಸಿಗೆಯಲ್ಲಿ ಕಾದು ಹೋಗುತ್ತದೆ. ಸುಮ್ನೆ ಬೀರುವಿನಲ್ಲಿ ಇಡುವುದಾದರೆ ಮೂರು ನಾಲ್ಕು ವರ್ಷದೊಳಗೆ ಕುಡಿದುಬಿಡಿ, ಮದುವೆವರೆಗೆ ಕಾಯಬೇಡಿ.

ಇಡಲೇಬೇಕು ಅಂದರೆ ಚಿಕ್ಕ ವೈನ್ ಫ್ರಿಜ್ ತಗೊಳ್ಳಿ. ಮಳೆಗಾಲದಲ್ಲಿ ನಮಗೆ ಕರೆಂಟು ದಿನಗಟ್ಟಲೆ ಹೋಗುತ್ತದೆ, ನಿಜ, ಆದರೆ ಆಗ ಹೊರಗೇ ಚಳಿ, ಬಾಗಿಲು ತೆಗೆಯದಿದ್ದರೆ ಸಾಕು. ಫ್ರಿಜ್ ಕೆಲಸ ಮಾಡಬೇಕಾದ್ದು ಬೇಸಿಗೆಯಲ್ಲಿ. ಬಾಟಲಿ ಮಲಗಿಸಿಡಿ, ಕಾರ್ಕ್ ಒಳಗಿಂದ ಒದ್ದೆ ಇರಲಿ. ನಮ್ಮ ಥಂಡಿಗೆ ಲೇಬಲ್ ಬೂಸ್ಟು ಹಿಡಿಯುತ್ತದೆ, ಅಡುಗೆಮನೆಯ ಪ್ಲಾಸ್ಟಿಕ್ ಹಾಳೆ ಸುತ್ತಿಬಿಡಿ. ಥಂಡಿಯಿಂದ ವೈನಿಗೆ ತೊಂದರೆ ಇಲ್ಲ.

ಕಾಚಂಪುಳಿ

ಪಂದಿ ಕರಿಯ ವಿಷಯ ಯಾರೂ ಹೇಳಲಿಲ್ಲ. ಕೊಬ್ಬು ಒಗರನ್ನು ತಗ್ಗಿಸುತ್ತದೆ, ಕರಿಗೆ ಹಾಕುವ ಕಾಚಂಪುಳಿಯ ಹುಳಿ ಈ ವೈನಿನ ಹುಳಿಗೆ ಸರಿ ಹೊಂದುತ್ತದೆ. ಅಲ್ಲಿವರೆಗೆ ಒಳ್ಳೆಯ ಜೋಡಿಯೇ. ಕೆಡಿಸುವುದು ಹಸಿಮೆಣಸಿನ ಖಾರ. ಖಾರ ಜಾಸ್ತಿಯಾದರೆ ಒಗರು, ಆಲ್ಕೋಹಾಲ್ ಎರಡೂ ಬಾಯಲ್ಲಿ ಉರಿಯುತ್ತವೆ. ಮೆಣಸಿನಕಾಯಿ ಕಡಿಮೆ ಮಾಡಿ ಕರಿಮೆಣಸು ಮುಂದೆ ಬಿಟ್ಟರೆ ಕಡಂಬುಟ್ಟು ಜೊತೆ ಬಹಳ ಚೆನ್ನಾಗಿ ಹೋಗುತ್ತದೆ. ಇನ್ನೊಂದು, ಫ್ರಿಜ್‌ನ ತಂಪು ಒಗರನ್ನು ಇನ್ನೂ ಎಬ್ಬಿಸುತ್ತದೆ. ಈ ವೈನನ್ನು 16ರಿಂದ 18 ಡಿಗ್ರಿಯಲ್ಲಿ ಕುಡಿಯಬೇಕು.

ತೋಟದಮನೆ, ವಿರಾಜಪೇಟೆ ಕಡೆ

ಎಲ್ಲರಿಗೂ ಧನ್ಯವಾದ. ಚಿಕ್ಕ ಫ್ರಿಜ್ ವಿಚಾರಿಸುತ್ತೇನೆ. ಇರುವುದು ಒಂದೇ ಬಾಟಲಿ. ಅದು ಹದಕ್ಕೆ ಬಂದಿದೆ ಅಂತ ತೆಗೆಯದೆ ಗೊತ್ತಾಗುವುದು ಹೇಗೆ?

ದ್ರಾಕ್ಷಿಪ್ರಿಯ

ಗೊತ್ತಾಗುವುದಿಲ್ಲ ಅಣ್ಣ. ಅದಕ್ಕೇ ಒಂದೇ ವೈನಿನ ಮೂರು ನಾಲ್ಕು ಬಾಟಲಿ ಇಟ್ಟು ಕೆಲವು ವರ್ಷಕ್ಕೊಂದು ತೆಗೆದು ನೋಡುವುದು. ಬಾವ ಮುಂದಿನ ಸಲ ಬರುವಾಗ ಅದೇ 2016 ಸಿಕ್ಕಿದರೆ ಎರಡು ತರಲು ಹೇಳಿ, ಎರಡು ಲೀಟರ್‌ವರೆಗೆ ಡ್ಯೂಟಿ ಇಲ್ಲದೆ ತರಬಹುದು. ತೆಗೆಯುವ ಹಿಂದಿನ ದಿನ ಬಾಟಲಿಯನ್ನು ನೇರ ನಿಲ್ಲಿಸಿ, ಗಸಿ ಇಳಿಯಲಿ. ಆಮೇಲೆ ಕುತ್ತಿಗೆಯ ಹಿಂದೆ ಟಾರ್ಚ್ ಹಿಡಿದು ನಿಧಾನವಾಗಿ ಗಾಜಿನ ಜಗ್ಗಿಗೆ ಬಗ್ಗಿಸಿ, ಗಸಿ ಕುತ್ತಿಗೆಗೆ ಬಂದ ತಕ್ಷಣ ನಿಲ್ಲಿಸಿ. ಎಳೆಯದಾಗಿದ್ದಾಗ ತೆಗೆದರೆ ಎರಡು ಮೂರು ಗಂಟೆ ಗಾಳಿಗೆ ಬಿಡಿ. ತುಂಬಾ ಹಳೆಯದಾದ ಮೇಲೆ ಅಷ್ಟು ಹೊತ್ತು ಬಿಡಬೇಡಿ, ಪರಿಮಳ ಹೋಗಿಬಿಡುತ್ತದೆ.